ಅರ್ಧಕ್ಕೆ ನಿಂತ ಬಾಣಂತನ

ನಮ್ಮ ಮನೆಯಲ್ಲಿ ಹೃದಯ ಅಂತ ಇದ್ದದ್ದು ನನಗೊಬ್ಬನಿಗೇ. ಆರು ವರ್ಷದ ಹಿಂದೆ ಮೈಸೂರಿನಲ್ಲಿ ನನಗೆ ಸ್ಟೆಂಟ್ ಹಾಕಿದ ಮೇಲೆ ಅದಕ್ಕೆ ಬೇರೆ ಸಾರು, ಉಪ್ಪಿಲ್ಲದ ಪಲ್ಯ, ಹೊತ್ತಿಗೆ ಸರಿಯಾಗಿ ಮಾತ್ರೆ. ಅದಕ್ಕೊಂದು ನೀಲಿ ಫೈಲು. ಆ ಫೈಲನ್ನು ಜೋಡಿಸಿಟ್ಟವಳು ನನ್ನ ಹೆಂಡತಿ. ಯಾವ ತಿಂಗಳು ನನ್ನ ಬಿ.ಪಿ. ಎಷ್ಟಿತ್ತು, ಯಾವ ಮಾತ್ರೆ ಯಾವಾಗ ಬದಲಾಯಿತು ಎಂದು ಕೇಳಿದರೆ ಒಲೆಯ ಮುಂದೆ ನಿಂತುಕೊಂಡೇ ಹೇಳುತ್ತಿದ್ದಳು. ನಾನು ಕಾಯಿಲೆಯವನೆಂಬ ಗತ್ತಿನಲ್ಲಿ ಕುರ್ಚಿ ಮೇಲೆ ಕೂತಿರುತ್ತಿದ್ದೆ. ಅವಳಿಗೆ ಫೈಲಿರಲಿಲ್ಲ. ಸಕ್ಕರೆ ಕಾಯಿಲೆಯಿಲ್ಲ, ಬಿ.ಪಿ. ಇಲ್ಲ. ನಂಜನಗೂಡಿನ ನಮ್ಮ ಮನೆಯಿಂದ ಹೊಳೆಯವರೆಗೆ ದಿನಾ ಬೆಳಿಗ್ಗೆ ನಡೆದು ಬರುವ, ನಲವತ್ತೇಳು ವರ್ಷದ ತೆಳ್ಳನೆಯ ಹೆಂಗಸಿಗೆ ಫೈಲು ಯಾಕೆ ಬೇಕು?

ನಾನು ಪಶುವೈದ್ಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಹಳ್ಳಿಯವರ ಬಾಯಲ್ಲಿ ದನದ ಡಾಕ್ಟರು. ಬಿಳಿಗೆರೆ, ಚಿಕ್ಕಯ್ಯನಛತ್ರದ ಕಡೆಯ ಊರುಗಳಲ್ಲಿ ಬೈಕು ತಿರುಗಿಸಿಕೊಂಡೇ ಇಷ್ಟು ವರ್ಷ ಕಳೆದೆ. ಷರ್ಟಿನ ಜೇಬಿನಲ್ಲಿ ಯಾವಾಗಲೂ ಒಂದು ನೋಟ್‌ಬುಕ್ಕು. ಯಾವ ಹಸು ಯಾವತ್ತು ಬೆದೆಗೆ ಬಂತು, ಎಷ್ಟನೇ ಸೂಲು, ಹಿಂದಿನ ಸಲ ಕರು ಹಾಕುವಾಗ ಏನು ತೊಂದರೆಯಾಗಿತ್ತು, ಎಲ್ಲ ಅದರಲ್ಲಿದೆ. "ಸಾ, ನಮ್ ಕೆಂದಿಗೆ ಇದು ಎಷ್ಟನೇ ಸೂಲು?" ಎಂದು ಹಸುವಿನ ಮಾಲೀಕರೇ ನನ್ನನ್ನು ಕೇಳುವುದುಂಟು. ನೋಟ್‌ಬುಕ್ಕು ತೆಗೆಯದೆ ಉತ್ತರ ಹೇಳಿ ಅವರ ಮುಖ ನೋಡುವುದು ನನ್ನ ದೊಡ್ಡ ಖುಷಿಗಳಲ್ಲೊಂದು.

ಅವತ್ತು ಭಾನುವಾರ ಬೆಳಿಗ್ಗೆ ಅವಳು ನನಗೆ ರಾಗಿ ರೊಟ್ಟಿ ತಟ್ಟುತ್ತಿದ್ದಳು. ತಿ. ನರಸೀಪುರದ ಹತ್ತಿರದ ಹಳ್ಳಿಯಲ್ಲಿ ಅವಳ ತವರು. ಅವಳ ಅಪ್ಪ ತೀರಿಕೊಂಡು ತಿಂಗಳಾಗಿರಲಿಲ್ಲ. ಹನ್ನೊಂದರ ತಿಥಿ ಮುಗಿಸಿಕೊಂಡು ಬಂದು ಮನೆಗೆಲಸಕ್ಕೆ ಬಿದ್ದಿದ್ದಳು.

"ನಿಮ್ ಗ್ಯಾಸ್ ಮಾತ್ರೆ ಒಂದ್ ಕೊಡ್ರೀ. ಎದೆ ಇಡ್ಕಂಡಂಗಾಯ್ತಾ ಅದೆ" ಎಂದಳು.

ಕೊಟ್ಟೆ. ಕೊಡುವಾಗ ಒಂದು ಉಪನ್ಯಾಸವನ್ನೂ ಕೊಟ್ಟೆ. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು, ನನ್ನನ್ನು ನೋಡಿ ಕಲಿ, ಇತ್ಯಾದಿ. ಅವಳು ಮಾತ್ರೆ ನುಂಗಿ ಇನ್ನೂ ಎರಡು ರೊಟ್ಟಿ ತಟ್ಟಿದಳು. ನಾನು ಅವನ್ನು ತಿಂದೆ. ಆಮೇಲೆ ಅವಳು ಒಲೆ ಆರಿಸಿ, ಕೈ ತೊಳೆದು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಕುತ್ತಿಗೆಯ ಹತ್ತಿರ ರವಿಕೆ ಒದ್ದೆಯಾಗಿತ್ತು. "ಆಸ್ಪತ್ರೆಗೆ ಓಗಾಣ ಕಣ್ರೀ" ಎಂದಳು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ತನಗಾಗಿ ಆಸ್ಪತ್ರೆಗೆ ಹೋಗೋಣ ಎಂದವಳಲ್ಲ. ಆಗ ನನಗೆ ಭಯವಾಯಿತು.

ಆಟೋ ಹತ್ತುವಾಗ ಅಭ್ಯಾಸ ಬಲದಿಂದ ಅವಳು ನನ್ನ ನೀಲಿ ಫೈಲನ್ನು ಎತ್ತಿಕೊಂಡು ಬಂದಿದ್ದಳು. ಊರಿನ ಒಂದು ಆಸ್ಪತ್ರೆಯಲ್ಲಿ ಇಳಿದೆವು. ಅಲ್ಲಿಯ ನರ್ಸಮ್ಮನಿಗೆ ನನ್ನ ಮುಖಪರಿಚಯ. ನನ್ನ ಬೆವರು, ಅವಳ ಕೈಯಲ್ಲಿದ್ದ ನನ್ನ ಫೈಲು, ಎರಡನ್ನೂ ನೋಡಿ "ಬನ್ನಿ ಸಾರ್, ಗಾಬರಿಯಾಗಬೇಡಿ" ಎಂದು ನನ್ನನ್ನೇ ಗಾಲಿಕುರ್ಚಿಯಲ್ಲಿ ಕೂರಿಸಿದರು. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ನಾನು ಕೂತೆ. ಮಂಚದವರೆಗೆ ಹೋಗಿ, ಷರ್ಟಿನ ಗುಂಡಿ ಬಿಚ್ಚುವಾಗ "ನನಗಲ್ಲ, ಅವಳಿಗೆ" ಎಂದೆ. ಹೆಂಡತಿ ಫೈಲು ಎದೆಗವಚಿಕೊಂಡು ಗೋಡೆಗೆ ಒರಗಿ ನಗುತ್ತಿದ್ದಳು. ಮುಖ ಬಿಳಿಚಿಕೊಂಡಿದ್ದರೂ ನಗುತ್ತಿದ್ದಳು.

ಇಸಿಜಿಯಲ್ಲಿ ಸಣ್ಣ ವ್ಯತ್ಯಾಸ, ರಕ್ತದ ಪರೀಕ್ಷೆಯಲ್ಲಿ ದೊಡ್ಡ ವ್ಯತ್ಯಾಸ. ಹೃದಯಾಘಾತ ಎಂದರು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ದಾರಿಯುದ್ದಕ್ಕೂ ನಾನು ಹೇಳುತ್ತಿದ್ದದ್ದು ಒಂದೇ: ಇವಳಿಗೆ ಹೇಗೆ ಸಾಧ್ಯ, ಬರಬೇಕಾದದ್ದು ನನಗೆ.

ಮೈಸೂರಿನಲ್ಲಿ ಆಂಜಿಯೋಗ್ರಾಂ ಮಾಡಿದವರು ನೋಡಲು ನನ್ನ ಮಗಳಿಗಿಂತ ಸ್ವಲ್ಪವೇ ದೊಡ್ಡವರ ಹಾಗೆ ಕಾಣುವ ಡಾಕ್ಟರಮ್ಮ. ಪರದೆಯ ಮೇಲೆ ಕಪ್ಪು ಬಳ್ಳಿಗಳ ಹಾಗೆ ಕಾಣುವ ರಕ್ತನಾಳಗಳನ್ನು ತೋರಿಸಿದರು. ಎಲ್ಲ ನುಣ್ಣಗಿದ್ದವು. ಒಂದು ಮಾತ್ರ ಮಧ್ಯದಿಂದ ಇದ್ದಕ್ಕಿದ್ದಂತೆ ದಾರದಷ್ಟು ಸಣ್ಣಗಾಗಿತ್ತು.

"ಇದು ನಿಮ್ಮ ಥರದ ಬ್ಲಾಕ್ ಅಲ್ಲ. ಕೊಬ್ಬು ಕಟ್ಟಿಕೊಂಡಿಲ್ಲ. ರಕ್ತನಾಳದ ಗೋಡೆಗೆ ಪದರಗಳಿರುತ್ತೆ. ಇವರಿಗೆ ಒಳಗಿನ ಪದರ ತಾನಾಗೇ ಸೀಳಿ ಬಿಟ್ಟುಕೊಂಡಿದೆ. ಪದರಗಳ ನಡುವೆ ರಕ್ತ ತುಂಬಿಕೊಂಡು ದಾರಿಯನ್ನ ಒತ್ತುತ್ತಾ ಇದೆ. ನಾವು ಚಿಕ್ಕದಾಗಿ ಸ್ಕ್ಯಾಡ್ ಅಂತೀವಿ" ಎಂದರು.

"ಸ್ಟೆಂಟ್ ಹಾಕಿಬಿಡಿ ಮೇಡಂ" ಎಂದೆ.

"ಹಾಕಲ್ಲ" ಎಂದರು. ರಕ್ತದ ಓಟ ಇನ್ನೂ ಇದೆ, ನೋವು ಇಳಿದಿದೆ. ಬಿಟ್ಟುಕೊಂಡ ಪದರದೊಳಕ್ಕೆ ತಂತಿ ತೂರಿಸಿದರೆ ಸೀಳು ಮುಂದಕ್ಕೆ ಹೋಗಬಹುದು. ತೀರಾ ಬೇಕೇ ಬೇಕಾದರೆ ಮಾತ್ರ ಆ ಕೆಲಸ. ಇಂಥವರಲ್ಲಿ ಹೆಚ್ಚಿನವರಿಗೆ ಸೀಳು ಕೆಲವು ವಾರ, ತಿಂಗಳುಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಆದರೆ ಮೊದಲ ದಿನಗಳು ಅಪಾಯದವು, ಇಲ್ಲೇ ಇಟ್ಟುಕೊಂಡು ನೋಡಬೇಕು ಎಂದರು.

ನನಗೆ ಕೆಂಡದಂಥ ಕೋಪ ಬಂತು. ಏನೂ ಮಾಡದೆ ನೋಡುವುದಕ್ಕೆ ಆಸ್ಪತ್ರೆ ಯಾಕೆ? ನಮ್ಮ ಕಡೆ ಬ್ಲಾಕ್ ಎಂದರೆ ಸ್ಟೆಂಟು, ಅಷ್ಟೇ. ಸ್ಟೆಂಟು ಹಾಕದ ಡಾಕ್ಟರು ಕೈಚೆಲ್ಲಿದರು ಎಂದೇ ಅರ್ಥ. ಅಷ್ಟರಲ್ಲಿ ನರಸೀಪುರದಿಂದ ಕಾರು ಓಡಿಸಿಕೊಂಡು ಬಂದ ನನ್ನ ಭಾವಮೈದ, ಹೆಂಡತಿಯ ತಮ್ಮ, ಬೇರೆ ಆಸ್ಪತ್ರೆಯಲ್ಲಿ ಮಾತಾಡಿದ್ದೇನೆ ಎಂದ. ಈಗಲೇ ಸಾಗಿಸೋಣ ಎಂದೆ. ಇಬ್ಬರೂ ಸೇರಿ ಆ ಡಾಕ್ಟರ್ ಹುಡುಗಿಯ ಮೇಲೆ ಕೂಗಾಡಿದೆವು. ಅವರು ಕೂಗಲಿಲ್ಲ. "ಈ ಸ್ಥಿತಿಯಲ್ಲಿ ಅವರನ್ನ ಅಲುಗಾಡಿಸೋದು ನನಗಿಷ್ಟ ಇಲ್ಲ. ಯೋಚನೆ ಮಾಡಿ ಹೇಳಿ. ಅಷ್ಟರಲ್ಲಿ ನನಗೆ ಅವರ ವಿಷಯ ಸ್ವಲ್ಪ ಬೇಕು" ಎಂದು ಹೆಂಡತಿಯ ಮಂಚದ ಪಕ್ಕಕ್ಕೆ ನನ್ನನ್ನು ಕರೆದುಕೊಂಡು ಹೋದರು.

ಎಷ್ಟು ಬಸಿರು? ಎರಡು ಎಂದೆ. "ಮೂರು" ಎಂದಳು ಹೆಂಡತಿ ಮಲಗಿದಲ್ಲಿಂದಲೇ. "ಮೊದಲ್ನೇದು ಮೂರು ತಿಂಗಳಿಗೇ ಓಯ್ತು." ಅರೆತಲೆನೋವು ಉಂಟಾ? ಇಲ್ಲ ಎಂದೆ. "ಅದೆ" ಎಂದಳು. "ಮಗಳು ಉಟ್ಟುದ್ ವರ್ಷದಿಂದ. ಕತ್ಲೆ ರೂಮ್ನಲ್ಲಿ ಅರ್ಧ ಗಂಟೆ ಮಲಗುದ್ರೆ ಓಯ್ತದೆ." ಇತ್ತೀಚೆಗೆ ದೊಡ್ಡ ದುಃಖ? ಭಾರ ಎತ್ತಿದ್ದು? "ಅಪ್ಪ ಓದ್ರು. ತಿಥಿ ದಿನ ಅನ್ನದ ಕೊಳಗ ಇಳಿಸೋಕೆ ಯಾರೂ ಸಿಗ್ನಿಲ್ಲ, ನಾನೇ ಇಳಿಸ್ದೆ. ಅಡ್ಗೆ ಗಲಾಟೇಲಿ ಅಳೋಕೂ ಆಗ್ನಿಲ್ಲ."

"ಇಂಥ ಎದೆನೋವು ಹಿಂದೆ ಯಾವತ್ತಾದರೂ ಬಂದಿತ್ತಾ?"

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಇಲ್ಲ" ಎಂದಳು.

ಬಿಳಿಗೆರೆ ಹೋಬಳಿಯ ಹಸುಗಳ ಸೂಲನ್ನು ನಿದ್ದೆಗಣ್ಣಲ್ಲಿ ಹೇಳಬಲ್ಲ ಗಂಡಸು ಹೆಂಡತಿಯ ಬಸಿರಿನ ಲೆಕ್ಕ ತಪ್ಪಿದ್ದ. ಹಸುವಿನ ಮಾಲೀಕನೊಬ್ಬ ಹೀಗೆ ಉತ್ತರ ಕೊಟ್ಟಿದ್ದರೆ ನಾನು ಅವನ ಗ್ರಹಚಾರ ಬಿಡಿಸುತ್ತಿದ್ದೆ.

ಹೊರಗೆ ಬಂದು ಭಾವಮೈದನ ಪಕ್ಕ ಕೂತೆ. ಸಾಗಿಸುವುದೋ ಬೇಡವೋ ಎಂದು ತೀರ್ಮಾನವಾಗಬೇಕಿತ್ತು. ಆಗ ಫೋನು ಬಂತು. ಭಾನುವಾರ, ಹಬ್ಬ, ಸಾವು ಯಾವುದೂ ನೋಡದೆ ನನಗೆ ಫೋನು ಬರುತ್ತದೆ. ಚಿಕ್ಕಯ್ಯನಛತ್ರದ ಕಡೆಯ ರೈತ. "ಸಾ, ಅಸ ಕರ ಆಕಿ ರಾತ್ರಿ ಕಳೀತು, ಇನ್ನೂ ಮಾಸು ಬಿದ್ದಿಲ್ಲ. ಕೈ ಆಕಿ ಎಳೆದ್ಬುಡ್ಲಾ ಸಾ?"

"ಎಳೀಬೇಡ ಕಣಯ್ಯ!" ಎಂದು ಆ ಮೊಗಸಾಲೆ ಅದುರುವ ಹಾಗೆ ಕೂಗಿದೆ. "ಎಷ್ಟು ಸಲ ಹೇಳ್ಬೇಕು ನಿಮಗೆ? ಕೈ ಹಾಕಿದ್ರೆ ಒಳಗೇ ಹರ್ದೋಗುತ್ತೆ. ಜ್ವರ ಬರುತ್ತಾ ನೋಡ್ಕೊ, ಮೇವು ತಿಂತಾ ಇದೆಯಾ ನೋಡ್ಕೊ. ತಾನಾಗೇ ಬೀಳುತ್ತೆ. ನಿನ್ನ ಅವಸರಕ್ಕೆ ಹಸು ಕಳ್ಕೊಂಡೀಯ!"

ಕರುವಿನ ಹಿಂದೆಯೇ ಬೀಳಬೇಕಾದ ಮಾಸುಚೀಲ ಒಳಗೇ ಉಳಿದರೆ, ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾವೂ ಕೈ ಹಾಕಿ ಎಳೆಯುತ್ತಿದ್ದವರೇ. ಹಾಗೆ ಎಳೆದ ಎಷ್ಟೋ ಹಸುಗಳು ಆಮೇಲೆ ಗಬ್ಬವನ್ನೇ ಕಟ್ಟಲಿಲ್ಲ. ಬಿಟ್ಟು ಕಾಯಬೇಕು ಎಂದು ಕಲಿತದ್ದು ನಿಧಾನವಾಗಿ. ಕಲಿತ ಮೇಲೂ ರೈತರನ್ನು ಒಪ್ಪಿಸುವುದು ಕಷ್ಟ, ಕೈ ಹಾಕದ ದನದ ಡಾಕ್ಟರು ಅವರಿಗೆ ಕೆಲಸಗಳ್ಳನ ಹಾಗೆ ಕಾಣುತ್ತಾನೆ.

ಫೋನು ಇಟ್ಟಾಗ ಭಾವಮೈದ ನನ್ನನ್ನೇ ನೋಡುತ್ತಿದ್ದ. "ಭಾವ, ಆ ಡಾಕ್ಟ್ರಮ್ಮ ಹೇಳಿದ್ದೂ ಇದ್ನೇ ಅಲ್ವಾ?" ಎಂದ.

ನಾನೇ ಎದ್ದು ಹೋಗಿ ಡಾಕ್ಟರಮ್ಮನ ಬಾಗಿಲಲ್ಲಿ ನಿಂತು, ಕಾಯುತ್ತೇವೆ ಎಂದೆ. ತಪ್ಪಾಯಿತು ಎಂದೂ ಹೇಳಿದೆ. ಅವರು ಕೂರಿಸಿ ಕಾಫಿ ತರಿಸಿದರು.

ಇದು ಎಷ್ಟು ಜನಕ್ಕೆ ಬರುತ್ತೆ ಮೇಡಂ, ನಾನು ಕೇಳೇ ಇಲ್ಲವಲ್ಲ ಎಂದೆ. "ನಾನು ಓದುವಾಗ ಬಹಳ ಅಪರೂಪ ಅಂತ ಹೇಳಿಕೊಟ್ಟಿದ್ದರು" ಎಂದರು. "ಈಗ ಹಾಗನ್ನಲ್ಲ. ಹುಡುಕೋಕೆ ಶುರು ಮಾಡಿದ ಮೇಲೆ ಸಿಗ್ತಾ ಇದೆ. ಎಲ್ಲಾ ಹೃದಯಾಘಾತ ಸೇರಿಸಿದರೆ ಇದು ಕಡಿಮೆಯೇ. ಆದರೆ ಐವತ್ತರ ಒಳಗಿನ ಹೆಂಗಸಿಗೆ ಹೃದಯಾಘಾತ ಅಂದರೆ ಇದು ಇರಬಹುದಾ ಅಂತ ಯೋಚಿಸಲೇಬೇಕು. ಗಂಡಸರಿಗೂ ಬರುತ್ತೆ, ಆದರೆ ಬಹುಪಾಲು ಹೆಂಗಸರಿಗೆ. ಹೆಚ್ಚಿನವರಿಗೆ ನಿಮ್ಮ ಹೆಂಡತಿಯ ಹಾಗೇ ಸಕ್ಕರೆ ಇರಲ್ಲ, ಕೊಬ್ಬು ಇರಲ್ಲ. ಆರೋಗ್ಯವಾಗಿ ಓಡಾಡಿಕೊಂಡಿರೋರು. ಹೆರಿಗೆಯಾದ ವಾರಗಳಲ್ಲಿ ಕೆಲವರಿಗೆ ಬರುತ್ತೆ. ದೊಡ್ಡ ದುಃಖ, ದೊಡ್ಡ ಭಾರ, ಇವುಗಳ ಬೆನ್ನಿಗೂ ಬರುತ್ತೆ. ಯಾಕೆ ಇವರಿಗೇ ಅಂತ ಪೂರ್ತಿ ಗೊತ್ತಿಲ್ಲ."

"ಒಟ್ಟು ಎಷ್ಟು ಜನ ಅಂತ?"

"ಹೇಗೆ ಹೇಳಲಿ ಸರ್? ಗ್ಯಾಸ್ ಮಾತ್ರೆ ತಗೊಂಡು ಮನೇಲೇ ಮಲಗಿದವರು ನಮ್ಮ ಲೆಕ್ಕಕ್ಕೆ ಬರಲ್ಲವಲ್ಲ."

ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಆದರೂ ನಾನು ಕಾಫಿ ಲೋಟ ನೋಡುತ್ತಾ ಕೂತೆ. ಕೆಲವು ವರ್ಷದ ಹಿಂದೆ ಬಿಳಿಗೆರೆ ಕಡೆಯ ಒಂದು ಮನೆ ನೆನಪಾಯಿತು. ಎಳೆಯ ಬಾಣಂತಿ. ಎದೆನೋವು ಎಂದಳಂತೆ, ಓಂಕಾಳು ಅಗಿದು ಮಲಗಿದಳಂತೆ, ಏಳಲಿಲ್ಲ. ಬಾಣಂತಿಗೆ ವಾಯು ಏರಿತು ಎಂದರು, ಎಲ್ಲರೂ ಒಪ್ಪಿದೆವು. ಯಾವ ಕಾಯಿಲೆಯೋ ನನಗೆ ಗೊತ್ತಿಲ್ಲ, ಈಗ ಯಾರಿಗೂ ಗೊತ್ತಾಗುವುದಿಲ್ಲ. ಆ ಮನೆಯ ಹಸು ಮಾತ್ರ ಎಷ್ಟನೇ ಸೂಲಿನಲ್ಲಿತ್ತು ಎಂದು ಇವತ್ತಿಗೂ ಹೇಳಬಲ್ಲೆ.

ಐದಾರು ದಿನ ಇಟ್ಟುಕೊಂಡು ಬಿಟ್ಟರು. ದೂರದ ಊರುಗಳಲ್ಲಿರುವ ಮಗಳು, ಮಗ ಇಬ್ಬರೂ ಅಷ್ಟರಲ್ಲಿ ಬಂದು ನೋಡಿಕೊಂಡು ಹೋದರು. ಮೂರು ತಿಂಗಳ ಮೇಲೆ ಮತ್ತೆ ಚಿತ್ರ ತೆಗೆದು ನೋಡಬೇಕು. ಅಲ್ಲಿಯವರೆಗೆ ಮಾತ್ರೆ ತಪ್ಪಿಸಬಾರದು, ಭಾರ ಎತ್ತಬಾರದು, ಉಸಿರು ಬಿಗಿಹಿಡಿದು ತಿಣುಕಬಾರದು, ಮನಸ್ಸಿಗೆ ಹೆಚ್ಚು ಮಾಡಿಕೊಳ್ಳಬಾರದು. ನಿಧಾನಕ್ಕೆ ನಡೆಯಬಹುದು. ಸೀಳು ಕೂಡಿಕೊಳ್ಳದಿದ್ದರೆ ಎಂದು ನಾನು ಕೇಳಿದೆ. ಆಗ ನೋಡೋಣ ಎಂದರು. ಆ ಮೂರು ತಿಂಗಳು ನಾನು ಬದುಕಿದ್ದು ಆ ಪ್ರಶ್ನೆಯ ಮೇಲೆಯೇ.

ಮನೆಗೆ ಬಂದ ದಿನವೇ ಹೆಂಡತಿ ನೀರಿನ ಬಿಂದಿಗೆ ಎತ್ತಲು ಹೋದಳು. ಬೈದೆ. ಬೈದರೆ ಮನಸ್ಸಿಗೆ ಹೆಚ್ಚಾಗುತ್ತದೆ ಎಂದು ಸುಮ್ಮನಾದೆ. ಕೂರು ಎಂದರೆ ಕೂರುವ ಜೀವವಲ್ಲ ಅದು. ಕೂತರೂ ಬೇಳೆ ಆರಿಸುತ್ತಾ, ನನ್ನ ಮಾತ್ರೆ ಎಣಿಸುತ್ತಾ ಇರುತ್ತಿದ್ದಳು.

ಮಾರನೆಯ ದಿನ ಅತ್ತೆ ಬಂದರು. ಗಂಡನನ್ನು ಕಳೆದುಕೊಂಡು ತಿಂಗಳಾದ ಹೆಂಗಸು, ಎಪ್ಪತ್ತರ ಹತ್ತಿರ. ಬಂದವರು ನೀರೂ ಕುಡಿಯದೆ ಹೇಳಿದರು: "ಅಳಿಯಂದ್ರೇ, ನನ್ ಮಗಳ್ನ ಕರ್ಕಂಡೋಯ್ತೀನಿ. ಬಾಣಂತನ ಮಾಡ್ತೀನಿ."

ನಲವತ್ತೇಳು ವರ್ಷದವಳಿಗೆ ಬಾಣಂತನ! ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅತ್ತೆ ನಗಲಿಲ್ಲ. "ಭಾರ ಎತ್ಬಾರ್ದು, ಬಗ್ಬಾರ್ದು, ಮನಸ್ಗೆ ಅಚ್ಕಬಾರ್ದು ಅಂದವ್ರಂತೆ. ಅದ್ಕೆ ನಮ್ಮಲ್ಲಿ ಬೇರೆ ಎಸರೇನದೆ? ಎರಡ್ನೇ ಕೂಸಿಗೆ ನೀವು ಇಪ್ಪತ್ತೈದು ದಿನಕ್ಕೇ ಬಂದು ಕರ್ಕಂಡೋದ್ರಿ. ಉಳುದ್ದು ನನ್ ತಾವೇ ನಿಂತದೆ."

ನಿಜ. ಮಗ ಹುಟ್ಟಿದಾಗ ನಮ್ಮಮ್ಮ ಹಾಸಿಗೆ ಹಿಡಿದಿದ್ದರು, ಬೇಯಿಸಿ ಹಾಕುವವರಿರಲಿಲ್ಲ. ಅದೇ ವಾರ ಕಾಲುಬಾಯಿ ಜ್ವರದ ಲಸಿಕೆ ಸಾಲದೆ ಬಂದು, ನರಸೀಪುರದ ಪಶು ಆಸ್ಪತ್ರೆಯಿಂದ ತರಬೇಕಿತ್ತು. ಒಂದೇ ಓಡಾಟದಲ್ಲಿ ಎರಡೂ ಕೆಲಸ ಮುಗಿಸಿದೆ. ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಮಗು, ನನ್ನ ತೊಡೆಯ ಮೇಲೆ ಐಸು ತುಂಬಿದ ಲಸಿಕೆ ಪೆಟ್ಟಿಗೆ. ಆದರೂ ನಾನು ಕಟುಕನೇನಲ್ಲ ಎಂದು ಅತ್ತೆಗೆ ಹೇಳಬೇಕೆನಿಸಿತು. ನಂಜನಗೂಡಿನ ಸ್ಟ್ಯಾಂಡಿನಲ್ಲಿ ಇಳಿದಾಗ ಅವಳ ಮುಖ ಬಾಡಿದ್ದು ನೋಡಿ ನಿಂಬೆಹಣ್ಣಿನ ಸೋಡಾ ಕುಡಿಸಿದ್ದೆ. ಮಗು ಎತ್ತಿಕೊಂಡು ಒಂದೇ ಗುಟುಕಿಗೆ ಕುಡಿದಿದ್ದಳು. ನಮ್ಮ ಸಂಸಾರದ ಸಿಹಿ ನೆನಪುಗಳಲ್ಲಿ ಆ ಸೋಡಾವನ್ನು ನಾನು ಇಷ್ಟು ವರ್ಷ ಜೋಪಾನವಾಗಿಟ್ಟುಕೊಂಡಿದ್ದೆ.

ಅತ್ತೆ ಕರೆದುಕೊಂಡು ಹೋದರು. ಎಣ್ಣೆ ನೀರು, ಹೊಟ್ಟೆಗೆ ಬಿಗಿಯಾಗಿ ಸೀರೆ ಸುತ್ತುವುದು, ಬೆಳ್ಳುಳ್ಳಿ ಲೇಹ್ಯ, ಸಾಂಬ್ರಾಣಿ ಹೊಗೆ ಎಲ್ಲಕ್ಕೂ ತಯಾರಾಗಿದ್ದರು. ನಾನು ಡಾಕ್ಟರಮ್ಮನಿಗೆ ಫೋನು ಮಾಡಿ ಒಂದೊಂದೇ ಕೇಳಿದೆ. ಅವರು ನಗುತ್ತಾ ಉತ್ತರ ಕೊಟ್ಟರು. ಬಿಗಿಯಾಗಿ ಸುತ್ತುವುದು ಬೇಡ, ಸುಡುವ ನೀರು ಬೇಡ, ಹೊಗೆ ಬೇಡ, ತಾವು ಕೊಟ್ಟ ಮಾತ್ರೆಗಳ ಜೊತೆ ಲೇಹ್ಯ ಬೇಡ. ಮಲಗಿಸಿಯೇ ಇಡಬೇಡಿ, ಬೆಳಿಗ್ಗೆ ಸಂಜೆ ನಡೆಸಿ. "ಉಳಿದದ್ದನ್ನೆಲ್ಲ ಮಾಡಲಿ. ಕೆಲಸ ಮಾಡಬೇಡಮ್ಮ ಅಂತ ನಾನು ಹೇಳಿದರೆ ಯಾವ ಹೆಂಗಸೂ ಕೇಳಲ್ಲ. ನಿಮ್ಮ ಅತ್ತೆ ಹೇಳಿದರೆ ಕೇಳ್ತಾರೆ" ಎಂದರು. ಅತ್ತೆಗೆ ಹೊಗೆ ಬೇಡವೆಂದದ್ದು ಮಾತ್ರ ಕೊನೆವರೆಗೂ ಸಮಾಧಾನವಾಗಲಿಲ್ಲ.

ನಾನು ನಂಜನಗೂಡಿನಲ್ಲಿ ಅನ್ನ ಸೀಸಿಕೊಂಡು, ನನ್ನ ಯಾವ ಮಾತ್ರೆ ಯಾವ ಹೊತ್ತಿಗೆಂದು ದಿನಕ್ಕೆರಡು ಸಲ ಅವಳಿಗೇ ಫೋನು ಮಾಡುತ್ತಿದ್ದೆ. ಭಾನುವಾರ ನರಸೀಪುರದ ದಾರಿ ಹಿಡಿಯುತ್ತಿದ್ದೆ. ಹೀಗೆ ಹೋದ ಒಂದು ಸಲ ಜಗುಲಿ ಹತ್ತುವಾಗ ಒಳಗೆ ಅಳು ಕೇಳಿತು. ಓಡಿದೆ. ಹೆಂಡತಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದಳು. ಅತ್ತೆ ಅವಳ ಕೂದಲಿಗೆ ಎಣ್ಣೆ ಹಚ್ಚುತ್ತಾ ತಾವೂ ಅಳುತ್ತಿದ್ದರು. ಬಾಣಂತಿ ಅಳಬಾರದು ಎನ್ನುವುದು ಆ ಮನೆಯ ಕಟ್ಟುನಿಟ್ಟಾದ ನಿಯಮ. ಆದರೆ ಅತ್ತೆ "ಅಳವ್ವ, ನಿಮ್ಮಪ್ಪಂಗೆ ನೀನು ಅಳ್ದೆ ಇನ್ಯಾರು ಅಳಾರು" ಎನ್ನುತ್ತಿದ್ದರು. ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಜಗುಲಿಗೆ ವಾಪಸು ಬಂದು ಕೂತೆ. ನನಗೂ ಅಳು ಬಂತು.

ಮೂರು ತಿಂಗಳು ತುಂಬಿ ಮೈಸೂರಿಗೆ ಹೋದೆವು. ಈ ಸಲ ಸ್ಕ್ಯಾನಿನಲ್ಲೇ ನೋಡಿದರು. ದಾರದ ಹಾಗಿದ್ದ ಜಾಗ ಉಳಿದ ಬಳ್ಳಿಗಳಷ್ಟೇ ದಪ್ಪಗೆ ತುಂಬಿಕೊಂಡಿತ್ತು. "ಕೂಡಿಕೊಂಡಿದೆ" ಎಂದರು ಡಾಕ್ಟರಮ್ಮ. ಮತ್ತೆ ಬರಬಹುದು, ಎದೆನೋವು ಬಂದರೆ ಒಂದು ನಿಮಿಷ ಕಾಯಬಾರದು ಎಂದು ಎಚ್ಚರಿಸಿದರು. ಆಮೇಲೆ ನಾನು ಕೊಂಡು ತಂದಿದ್ದ ಹೊಸ ಕೆಂಪು ಫೈಲನ್ನು ಮುಂದಿಟ್ಟುಕೊಂಡು ಮೊದಲಿನಿಂದ ಎಲ್ಲವನ್ನೂ ಕೇಳಿ ಬರೆದರು. ಈ ಸಲ ಬಸಿರು ಮೂರು ಎಂದು ನಾನೇ ಹೇಳಿದೆ. ತಲೆನೋವು ಯಾವ ವರ್ಷದಿಂದ ಎಂದೂ ಹೇಳಿದೆ. ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದೆ.

"ಇಂಥ ನೋವು ಹಿಂದೆ ಯಾವತ್ತಾದರೂ?" ಡಾಕ್ಟರಮ್ಮ ಕೇಳಿದರು.

ಇಲ್ಲ ಎಂದೆ.

"ಒಂದ್ಸಲ" ಎಂದಳು ಅವಳು. "ಎರಡ್ನೇ ಮಗೀಗೆ ಇಪ್ಪತ್ತೈದು ದಿನ ಆಗಿತ್ತು. ನರಸೀಪುರದಿಂದ ಬರೋ ಬಸ್ನಲ್ಲಿ. ಇಂಗೇ ಎದೆ ಇಡ್ಕಂಡು ಕೈಗೆ ಇಳೀತು. ಮಗ ಎಲ್ಲಿ ಕೈಜಾರ್ತದೋ ಅಂತ ಸೆರಗ್ನಲ್ಲಿ ಕಟ್ಕಂಡಿದ್ದೆ."

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಏಳಿದ್ನಲ್ಲ" ಎಂದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. "ನೀವು ಸೋಡಾ ಕುಡಿಸುದ್ರಿ."

ಡಾಕ್ಟರಮ್ಮ ಪೆನ್ನು ಎತ್ತಿ ಇಬ್ಬರನ್ನೂ ನೋಡಿದರು. ಅವತ್ತಿನದು ಇದೇ ಇರಬಹುದು, ಇಲ್ಲದೆಯೂ ಇರಬಹುದು, ಇಷ್ಟು ವರ್ಷದ ಮೇಲೆ ಹೇಳಲಾಗುವುದಿಲ್ಲ ಎಂದರು. ಆದರೂ ಫೈಲಿನಲ್ಲಿ ಬರೆದುಕೊಂಡರು.

ಕೆಳಗೆ ಭಾವಮೈದ ಕಾರು ನಿಲ್ಲಿಸಿಕೊಂಡಿದ್ದ. ಬೆಳಿಗ್ಗೆ ಹೊರಡುವಾಗ ಎಲ್ಲ ಸರಿಯಾಗಿದ್ದರೆ ಅವಳನ್ನು ನಂಜನಗೂಡಿಗೇ ಕರೆದುಕೊಂಡು ಹೋಗುವುದೆಂದು ನಾನೇ ತೀರ್ಮಾನಿಸಿದ್ದೆ. ಮನೆ ಗುಡಿಸಿ, ಹಾಲು ಹೆಪ್ಪು ಹಾಕಿಟ್ಟು ಬಂದಿದ್ದೆ. ಅವಳ ಬಟ್ಟೆಯ ಚೀಲ ಕಾರಿನಲ್ಲಿತ್ತು. "ಯಾವ ಕಡೆ ಭಾವ?" ಎಂದ ಅವನು.

"ಬಾಣಂತನ ಎಷ್ಟು ತಿಂಗಳು?" ಎಂದು ಅವಳನ್ನು ಕೇಳಿದೆ.

"ಅವ್ವ ಐದು ಅಂತಾಳೆ" ಎಂದಳು.

ನರಸೀಪುರದ ಕಡೆ ತಿರುಗಿಸು ಎಂದೆ. ಅವಳು ಕಿಟಕಿಗೆ ಒರಗಿದಳು. ನಾನು ಕೆಂಪು ಫೈಲನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳ ಊರು ಬರುವವರೆಗೂ ಹಾಗೇ ಕೂತಿದ್ದೆ.